ಭಾವ ಮಾತು ಬಿಟ್ಟದ್ದು, ಮಾತು ಭಾವನನ್ನು ಬಿಟ್ಟದ್ದು

ನನ್ನ ಭಾವನಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋದಾಗ, ಅವರು ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಹೀಗಾಗಿ ಆಸ್ಪತ್ರೆಯಲ್ಲಿ ನನಗೊಬ್ಬಳಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅವಳ ಮಗಳು ಅಶ್ವಿನಿ "ಪಪ್ಪಾ, ಕುಛ್ ತೋ ಬೋಲೋ" ಎಂದು ಒಂದು ಮಾತಿಗಾಗಿ ಬೇಡುತ್ತಾ ಅವರ ಕೆನ್ನೆ ಸವರುತ್ತಿದ್ದಳು. ನಾನು ಮಂಚದ ಕಾಲ ಬುಡದಲ್ಲಿ ನಿಂತಿದ್ದೆ. ಭಾವ ನನ್ನನ್ನು ನೋಡಿದರು. ಏನೂ ಹೇಳಲಿಲ್ಲ. ಎರಡು ವರ್ಷದಿಂದ ನೋಡುತ್ತಿದ್ದ ಹಾಗೆಯೇ ನೋಡಿದರು.

ಮಾತು ಬಿಡಲು ಕಾರಣವೇನು? ಈ ಅಂಕಣ.

ಹಳೆಯ ಓದುಗರಿಗೆ ನೆನಪಿರಬಹುದು. ಭಾವ (ಹೆಸರು ವಾಸುದೇವ, ನಮ್ಮ ಹಾಗೆ ಉಡುಪಿ ಕಡೆಯವರು) ಮೂವತ್ತು ವರ್ಷ ಡೊಂಬಿವಲಿಯಿಂದ ಮುಂಬೈ ಫೋರ್ಟಿನ ಆಫೀಸಿಗೆ ಹೋಗಿಬಂದವರು. ಬೆಳಿಗ್ಗೆ ಅದೇ ಸ್ಲೋ ಲೋಕಲ್ ರೈಲು, ಅದೇ ಡಬ್ಬ (ಎಂದರೆ ಬೋಗಿ), ಅದೇ ಭಜನಾ ಮಂಡಳಿ. ಎರಡು ಜೊತೆ ತಾಳ, ಒಂದು ಪುಟ್ಟ ಢೋಲಕ್, ಉಳಿದವರಿಗೆ ಸೀಟಿನ ಹಲಗೆ. ವಾರವಿಡೀ ಮರಾಠಿ ಅಭಂಗ. ಶುಕ್ರವಾರ ಮಾತ್ರ ಭಾವನದೊಂದು ಕನ್ನಡದ ದಾಸರ ಪದ. ಒಂದಕ್ಷರ ಅರ್ಥವಾಗದವರೂ ಪಲ್ಲವಿಗೆ ದನಿ ಸೇರಿಸುತ್ತಿದ್ದರು.

ಒಂದು ಶುಕ್ರವಾರ ನಾನೂ ಅದೇ ಡಬ್ಬಕ್ಕೆ ಹತ್ತಿದೆ. ಆ ವಾರ ಬರೆಯಲು ವಿಷಯವಿರಲಿಲ್ಲ. (ಅಂಕಣ ಬರೆಯುವವರ ನೆಂಟರಾಗಿರುವುದು ಸುಲಭವಲ್ಲ.) ಬರೆದೆ: "ನಮ್ಮ ಭಾವ ಹಾಡಲು ಶುರು ಮಾಡಿದರೆ ಮುಂಬ್ರಾದಲ್ಲಿ ಇಳಿಯಬೇಕಾದವರು ಒಂದು ಸ್ಟೇಷನ್ ಮೊದಲು, ದಿವಾದಲ್ಲೇ ಇಳಿದುಬಿಡುತ್ತಾರೆ."

ನೀವು ನಕ್ಕಿರಿ. ಕೆಲವರು ಪತ್ರವನ್ನೂ ಬರೆದಿರಿ. ಮಂಡಳಿಯಲ್ಲಿ ಕಲಬುರಗಿಯವರೊಬ್ಬರಿದ್ದರಂತೆ, ಅವರು ಆ ಸಾಲನ್ನು ಹಿಂದಿಗೆ ತಿರುಗಿಸಿ ಡಬ್ಬದಲ್ಲಿ ಓದಿದರು. ಎಲ್ಲರೂ ನಕ್ಕರು. ಭಾವನೂ ನಕ್ಕರು. ಸೋಮವಾರದಿಂದ ಬೇರೆ ಡಬ್ಬಕ್ಕೆ ಹತ್ತಿದರು. ಹಾಡು ನಿಂತಿತು.

ನನಗೆ ಇದು ತಿಳಿದದ್ದು ಒಂದು ತಿಂಗಳ ಮೇಲೆ. ಓಡಿಹೋಗಿ ಸಮಜಾಯಿಷಿ ಕೊಟ್ಟೆ. "ಭಾವ, ಅದು ಉತ್ಪ್ರೇಕ್ಷೆ. ಯಾರೂ ನಿಜ ಅಂದ್ಕೊಳ್ಳೋದಿಲ್ಲ. ಬರವಣಿಗೆಗೆ ಅದೊಂದು ಅಲಂಕಾರ ಅಷ್ಟೇ."

ಅವರು ಪೇಪರು ಮಡಚಿಟ್ಟರು. "ಅಲಂಕಾರ ನಿನಗಾಯ್ತು. ನನಗೆಂತ ಆಯ್ತು?"

ಅದೇ ಕೊನೆ. ಜಗಳವಿಲ್ಲ, ಕೂಗಾಟವಿಲ್ಲ. ನಾನು ಹೋದರೆ ಅಕ್ಕನನ್ನು ಕರೆದು ಒಳಗೆ ಹೋಗುತ್ತಿದ್ದರು. ಕನ್ನಡ ಭಾಷೆ ಮಾತಿನ ಬಗ್ಗೆ ಎಷ್ಟು ಸಲೀಸಾಗಿ ಮಾತಾಡುತ್ತದೆ ನೋಡಿ. ಮಾತು ಕೊಡುತ್ತೇವೆ, ಮಾತು ತಪ್ಪುತ್ತೇವೆ, ಮಾತು ನುಂಗುತ್ತೇವೆ, ಮಾತು ಬಿಡುತ್ತೇವೆ. ಕೈಯಲ್ಲಿರುವ ಚೀಲವನ್ನು ಕೆಳಗಿಟ್ಟ ಹಾಗೆ. ಬೇಕೆಂದಾಗ ಮತ್ತೆ ಎತ್ತಿಕೊಳ್ಳಬಹುದು ಎಂಬ ಧೈರ್ಯ ಆ ಪದದಲ್ಲೇ ಇದೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಂದಾದರೊಂದು ದಿನ ಸರಿಹೋಗುತ್ತದೆ, ಅವಸರವೇನು?

ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ ಜಾರಿತು.

ಜೀವಕ್ಕೆ ಅಪಾಯವಾಗಲಿಲ್ಲ. ಬಲಗೈ, ಬಲಗಾಲು ನಿಧಾನಕ್ಕೆ ಹಿಡಿತಕ್ಕೆ ಬಂದವು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಬರಲಿಲ್ಲ. ನೀರಿನ ಲೋಟ ತೋರಿಸಿ ಬಾಯಿ ತೆರೆಯುತ್ತಿದ್ದರು, ಗಂಟಲಲ್ಲಿ ಏನೋ ಹೊರಳುತ್ತಿತ್ತು, ಮತ್ತೆ ಬಾಯಿ ಮುಚ್ಚುತ್ತಿದ್ದರು.

ನನ್ನ ಮನೆ ಠಾಣೆ ನಗರದ ಮಾಜಿವಾಡಾದಲ್ಲಿ. ಅಲ್ಲೇ ಹತ್ತಿರ ಒಬ್ಬರು ಸ್ಪೀಚ್ ಥೆರಪಿಸ್ಟ್ ಇದ್ದಾರೆಂದು ತಿಳಿದು ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಮಧ್ಯಾಹ್ನದ ಖಾಲಿ ಲೋಕಲ್ಲಿನಲ್ಲಿ ಅಕ್ಕ ಅವರನ್ನು ಕರೆದುಕೊಂಡು ಹೊರಟಳು. ನಾನು ಠಾಣೆ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೆ. ಅಕ್ಕನ ಫೋನ್ ಬಂತು.

"ಮಾತಾಡಿದ್ರು ಮಾರಾಯ್ತಿ."

"ಎಂತ ಹೇಳಿದ್ರು?"

"ಕೋಪರ್."

"ಕೋಪ ಅಂದ್ರಾ? ನನ್ನ ಮೇಲಾ?"

"ಕೋಪ ಅಲ್ವೇ, ಕೋಪರ್. ಸ್ಟೇಷನ್. ಗಾಡಿಯಲ್ಲಿ ಅನೌನ್ಸ್ ಮಾಡ್ತದಲ್ಲ, ಅದರ ಜೊತೆಗೇ ಅದೇ ರಾಗದಲ್ಲಿ ಹೇಳಿದ್ರು. ಆಮೇಲೆ ದಿವಾ. ಈಗ ಮುಂಬ್ರಾ."

ರೈಲಿನಲ್ಲಿ ರೆಕಾರ್ಡಾದ ಆ ಹೆಂಗಸಿನ ದನಿ ನೀವೆಲ್ಲ ಕೇಳಿದ್ದೀರಿ. 'ಪುಢೀಲ ಸ್ಟೇಷನ್' (ಮುಂದಿನ ಸ್ಟೇಷನ್) ಎಂದು ಸ್ವಲ್ಪ ಮೇಲೆತ್ತಿ, ಹೆಸರನ್ನು ಮೆಲ್ಲಗೆ ಕೆಳಗಿಡುವ ದನಿ. ಹೆಂಡತಿಯ ಹೆಸರು ಬಾರದ ಬಾಯಲ್ಲಿ ಆ ಇಳಿಜಾರಿನಲ್ಲಿ ಊರುಗಳು ಒಂದೊಂದಾಗಿ ಜಾರಿ ಬಂದಿದ್ದವು. ಠಾಣೆಯಲ್ಲಿ ಇಳಿದಾಗ ಅಕ್ಕನ ಕಣ್ಣು ಕೆಂಪಾಗಿತ್ತು, ಭಾವನ ಮುಖದಲ್ಲಿ ಏನೋ ಆಶ್ಚರ್ಯ. ನನ್ನನ್ನು ಕಂಡು ಅದನ್ನು ಮರೆಮಾಡಿದರು.

ಥೆರಪಿಸ್ಟ್ ಗೌರಿ, ಮೂವತ್ತು ದಾಟಿರದ ಮರಾಠಿ ಹುಡುಗಿ. ಮೊದಲ ಪ್ರಶ್ನೆ: "ಇವರ ಭಾಷೆ ಯಾವುದು?"

ಅಕ್ಕ, ನಾನು ಮುಖ ಮುಖ ನೋಡಿಕೊಂಡೆವು. ಹೆಂಡತಿಯ ಜೊತೆ ತುಳು. ನಮ್ಮಂಥವರ ಜೊತೆ ಕನ್ನಡ. ಮಗಳ ಜೊತೆ ಹಿಂದಿ (ಅವಳಿಗೆ ನಮ್ಮದೆಲ್ಲ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ). ರೈಲಿನಲ್ಲಿ ಮರಾಠಿ. ಆಫೀಸಿನಲ್ಲಿ ಇಂಗ್ಲಿಷ್. ಐದು ಭಾಷೆಯ ಮನುಷ್ಯನಿಗೆ ಐದರಲ್ಲೂ ಒಟ್ಟಿಗೆ ಮಾತು ಹೋಗಿತ್ತು. ಹುಡುಗಿ ಎಲ್ಲ ಬರೆದುಕೊಂಡು ಹಾಡುತ್ತಿದ್ದರೇ ಎಂಬ ಎರಡನೆಯ ಪ್ರಶ್ನೆಯನ್ನು ಹಿಂದಿಯಲ್ಲಿ ಕೇಳಿದಳು.

"ಗಾನಾ ಗಾತೇ ಥೇ ಕ್ಯಾ?"

"ಪೆಹಲೇ ಗಾತೇ ಥೇ," ಅಂದಳು ಅಕ್ಕ. "ದೋ ಸಾಲ್ ಸೇ ನಹೀಂ."

"ಕ್ಯೂಂ?"

ಎರಡು ವರ್ಷದಿಂದ ಏಕೆ ಹಾಡಿಲ್ಲ, ಎಂದು. ಗೋಡೆಯ ಮೇಲೆ ಮೆದುಳಿನ ಚಿತ್ರವಿತ್ತು. ನಾನು ಅದನ್ನೇ ಬಹಳ ಆಸಕ್ತಿಯಿಂದ ನೋಡಿದೆ.

ಗೌರಿ ಎದ್ದು ಅದೇ ಚಿತ್ರದ ಮೇಲೆ ಬೆರಳಿಟ್ಟಳು. ಬಹಳ ಜನರಿಗೆ ಮಾತಿನ ಕೆಲಸ ಹೆಚ್ಚಾಗಿ ಎಡಗಡೆ ನಡೆಯುತ್ತದೆ, ಪೆಟ್ಟಾಗಿರುವುದು ಅಲ್ಲಿ. ಹಾಡು ಎರಡೂ ಕಡೆ ಓಡಾಡುತ್ತದೆ. ಆದ್ದರಿಂದ ಮಾತನ್ನು ರಾಗದ ಜೊತೆ ಕಳಿಸಿ ನೋಡೋಣ ಎಂದಳು. ಅವರ ಎಡಗೈ ಹಿಡಿದು ಅಕ್ಷರಕ್ಕೊಂದು ತಟ್ಟಬೇಕು. ದಿನ ಬೇಕಾಗುವ ಪದಗಳನ್ನು ಎರಡೇ ಸ್ವರದಲ್ಲಿ, ಒಂದು ಮೇಲೆ, ಒಂದು ಕೆಳಗೆ, ಹಾಡಬೇಕು. ಮೊದಲು ಅವರಿಗೆ ಚೆನ್ನಾಗಿ ಗೊತ್ತಿರುವ ಹಾಡಿನಿಂದ ಶುರು ಮಾಡಬೇಕು. ಎಲ್ಲರಿಗೂ ಫಲ ಸಿಗುತ್ತದೆಂದು ಹೇಳಲಾರೆ, ಆದರೆ ಇವರಿಗೆ ಸ್ಟೇಷನ್ ಬಂದಿದೆ ಎಂದರೆ ದಾರಿ ಇದೆ.

ಹದಿನೈದು ದಿನ ಕಳೆಯಿತು. ಅಶ್ವಿನಿ ಫೋನ್ ಮಾಡಿದಳು: ಸ್ಟೇಷನ್ ಹೆಸರು ಹೇಳುತ್ತಾರೆ, ಹಾಡು ತೆಗೆದರೆ ಬಾಯಿ ಮುಚ್ಚುತ್ತಾರೆ, ಚಿಕ್ಕಮ್ಮ ನೀವು ಬನ್ನಿ, ಎಂದು.

"ಮಾವ್ಶಿ, ಪಪ್ಪಾ ಸ್ಟೇಷನ್ ಬೋಲ್ತೇ ಹೈಂ. ಗಾನಾ ಶುರು ಕರೋ ತೋ ಮೂಂಹ್ ಬಂದ್. ಆಪ್ ಆವೋ ನಾ."

"ನಾನು ಬಂದ್ರೆ ಇನ್ನೂ ಗಟ್ಟಿ ಮುಚ್ಚುತ್ತಾರೆ ಅಶ್ವಿನಿ."

"ಬಂದ್ ತೋ ಆಪ್ ಕೀ ವಜಹ್ ಸೇ ಹೀ ಹುವಾ ಥಾ ನಾ?"

ನಿಮ್ಮಿಂದಲೇ ಅಲ್ಲವೇ ನಿಂತದ್ದು, ಎಂದು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ.

ಮರುದಿನ ಮಧ್ಯಾಹ್ನ ಡೊಂಬಿವಲಿಗೆ ಹೋದೆ. ಭಾವ ಬಾಲ್ಕನಿಯ ಕುರ್ಚಿಯಲ್ಲಿದ್ದರು. ಒಗೆದು ಹಾಕಿದ ಬಟ್ಟೆಗಳ ನಡುವಿನಿಂದ ಬಿಸಿಲು ಅವರ ಮಡಿಲಿಗೆ ಬಂದು ಬೀಳುತ್ತಿತ್ತು, ಗಾಳಿ ಬಂದಾಗ ಅಲುಗುತ್ತಿತ್ತು. ನನ್ನನ್ನು ಕಂಡು ಮುಖ ತಿರುಗಿಸಿದರು. ನಾನು ಸ್ಟೂಲ್ ಎಳೆದುಕೊಂಡು ಕೂತೆ.

ರೈಲಿನಲ್ಲಿ ಐದಾರು ವಾಕ್ಯ ತಯಾರು ಮಾಡಿಕೊಂಡು ಬಂದಿದ್ದೆ. ಚೆನ್ನಾಗಿಯೇ ಇದ್ದವು. ಅವರ ಮುಖ ನೋಡಿದಾಗ ಒಂದೂ ಬರಲಿಲ್ಲ. ವಾರಕ್ಕೊಂದು ಪುಟ ತುಂಬಿಸುವವಳು ನಾನು. ಬಾಯಿ ತೆರೆದೆ, ಗಂಟಲಲ್ಲಿ ಏನೋ ಹೊರಳಿತು, ಮುಚ್ಚಿದೆ. ಭಾವ ಓರೆಗಣ್ಣಲ್ಲಿ ಅದನ್ನು ಕಂಡರು. ಆ ಅವಸ್ಥೆ ಅವರಿಗೆ ಗೊತ್ತಿತ್ತು.

ಬೇರೆ ದಾರಿ ಕಾಣದೆ ಅವರ ಎಡಗೈ ತೆಗೆದುಕೊಂಡು, ತಟ್ಟುತ್ತಾ, ಅವರ ಶುಕ್ರವಾರದ ಪದವನ್ನು ಹಾಡಲು ಶುರು ಮಾಡಿದೆ.

ಒಂದು ಸತ್ಯ ಹೇಳಿಬಿಡುತ್ತೇನೆ. ಭಾವ ಕೆಟ್ಟದಾಗಿ ಹಾಡುತ್ತಿರಲಿಲ್ಲ. ಚೆನ್ನಾಗಿಯೇ ಹಾಡುತ್ತಿದ್ದರು. ಚೆನ್ನಾಗಿ ಹಾಡಿದರು ಎಂದು ಬರೆದರೆ ಯಾರು ನಗುತ್ತಾರೆ? ಶ್ರುತಿಯಿಲ್ಲದವಳು ನಾನು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಟೀಚರು "ನೀನು ಬಾಯಿ ಮಾತ್ರ ಆಡಿಸು" ಅನ್ನುತ್ತಿದ್ದರು.

ಮೊದಲ ಸಾಲು ಹೇಗೋ ದಾಟಿತು. ಎರಡನೆಯದು ಎಲ್ಲಿಗೋ ಹೋಯಿತು. ಭಾವನ ಕೈ ನನ್ನ ಕೈಯೊಳಗೆ ಬಿಗಿಯಾಯಿತು. ಮತ್ತೆ ಹಾಡಿದೆ, ಮತ್ತೆ ಅಲ್ಲೇ ಜಾರಿದೆ. ಅವರು ಹುಬ್ಬು ಗಂಟಿಕ್ಕಿ ತಲೆಯಾಡಿಸಿದರು. ಮೂರನೆಯ ಸಲ ಅವರ ಎಡಗೈಯೇ ನನ್ನ ಅಂಗೈ ಮೇಲೆ ಎರಡು ಪೆಟ್ಟು ತಟ್ಟಿತು.

"ತ...ಪ್ಪು."

ಮೊದಲನೆಯದು ಮೇಲಿನ ಸ್ವರ, ಎರಡನೆಯದು ಕೆಳಗಿನದು.

"ಹೌದು ಭಾವ," ಅಂದೆ. "ತಪ್ಪು. ನನ್ನದೇ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಎರಡನೆಯ ಸಾಲು ಹೇಗಿರಬೇಕೋ ಹಾಗೆ ಹಾಡಿದರು. ಪದಗಳ ಸಮೇತ, ಒಂದೂ ಬಿಡದೆ. ದನಿ ಸಣ್ಣಗಿತ್ತು, ಪಕ್ಕದ ಕೋಣೆಯಲ್ಲಿ ಯಾರೋ ಹಾಡುತ್ತಿರುವಷ್ಟು ಸಣ್ಣಗೆ. ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಅಕ್ಕ ಬಾಗಿಲಲ್ಲಿ ನಿಂತುಬಿಟ್ಟಳು. ಪದ ಮುಗಿದ ಮೇಲೆ ಭಾವ ಅವಳ ಕಡೆ ತಿರುಗಿ, ಅದೇ ರಾಗದ ಕೊನೆಯ ಎಳೆಗೆ ಅವಳ ಹೆಸರನ್ನು ಸೇರಿಸಿದರು: "ಸು...ಮ...ತಿ."

ಅವರು ತಪ್ಪು ಅಂದದ್ದು ನನ್ನ ರಾಗಕ್ಕೋ, ನನಗೋ? ಆಮೇಲೊಮ್ಮೆ ಕೇಳಿದೆ. ಮುಖದ ಒಂದು ಬದಿಯಲ್ಲಿ ನಕ್ಕರು, ಅಷ್ಟೇ.

ಅದಾದ ಮೇಲೆ ಆ ಮನೆಯಲ್ಲಿ ಎಲ್ಲವೂ ಹಾಡಾಯಿತು. "ನೀರ್ ಬೋಡು" (ನೀರು ಬೇಕು) ಎಂದು ತುಳುವಿನಲ್ಲಿ ಮೇಲೆ ಕೆಳಗೆ. "ಚಾ ಬಿಸಿ ಇಲ್ಲ" ಎಂದು ಕನ್ನಡದಲ್ಲಿ. ಅಕ್ಕನೂ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾಳೆ. ಎದುರು ಫ್ಲ್ಯಾಟಿನವರು "ತುಮಚ್ಯಾ ಘರೀ ರೋಜ್ ಭಜನ್ ಅಸತೇ ಕಾ?" (ನಿಮ್ಮನೆಯಲ್ಲಿ ದಿನಾ ಭಜನೆಯಾ) ಎಂದು ಕೇಳಿದರಂತೆ. ಅಶ್ವಿನಿ ಅಪ್ಪನ ಎಡಗೈ ತಟ್ಟಿ ತಟ್ಟಿ ತಾನೇ ಹತ್ತಿಪ್ಪತ್ತು ತುಳು ವಾಕ್ಯ ಕಲಿತಳು. ಎಲ್ಲ ಮಾತೂ ಬಂದಿಲ್ಲ. ಉದ್ದ ವಾಕ್ಯ ನಡುವೆ ನಿಲ್ಲುತ್ತದೆ. ಆದರೆ ನನ್ನ ಜೊತೆ ಮಾತಾಡುತ್ತಾರೆ. ಇದನ್ನು ಬರೆಯಲಾ ಎಂದು ಕೇಳಿದ್ದಕ್ಕೆ "ಓದಿ...ಹೇಳು" ಎಂದರು. ಓದಿ ಹೇಳಿದೆ. ಎರಡು ಕಡೆ ತಿದ್ದಿಸಿದರು.

ಕಳೆದ ವಾರ ಠಾಣೆಯಿಂದ ಅವರನ್ನು ಮನೆಗೆ ಬಿಡಲು ನಾನೇ ಹೊರಟೆ. ಡಬ್ಬದಲ್ಲಿ ನಾಲ್ಕು ಜನ. ಮುಂಬ್ರಾ ಹತ್ತಿರ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿಯ ಹಿನ್ನೀರು ಬೆಳ್ಳಗೆ ಮಲಗಿತ್ತು. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ.

"ಭಾವ, ಆ ಮೊದಲ ತಿಂಗಳು ಒಳಗೆ ಹೇಗಿತ್ತು? ಕತ್ತಲೆಯಾ?"

ತಲೆಯಾಡಿಸಿದರು. ಅಲ್ಲ, ಎಂದು. ಮೆಲ್ಲಗೆ, ತೊಡೆ ತಟ್ಟಿಕೊಂಡು ಹೇಳಿದರು. "ಎಲ್ಲ... ಇತ್ತು. ಹೆಸರು... ಇರ್ಲಿಲ್ಲ."

"ಹೆದರಿಕೆ ಆಯ್ತಾ?"

"ಆಯ್ತು." ಒಂದು ಸ್ಟೇಷನ್ ಕಳೆಯಿತು. "ಆಮೇಲೆ... ಚಂದ ಇತ್ತು."

ನಾನು ಕಾದೆ.

"ಸುಮತಿ... ಬಂದ್ರೆ... ಸುಮತಿ ಅಲ್ಲ. ಯಾರೋ... ಬೆಳಕು ತಂದ ಹಾಗೆ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ನೀರಂಚಿನಿಂದ ಬಿಳಿಯದೊಂದು ಎದ್ದು ಗುಡ್ಡದ ಕಡೆ ಹಾರಿತು. ನಾನು ಅದರ ಹೆಸರು ಹೇಳಲು ಹೊರಟಿದ್ದೆ. ಭಾವ ಎಡಗೈ ಎತ್ತಿ ತಡೆದರು.

ನಿಮ್ಮ ಮನೆಯವರನ್ನು, ಅವರ ಹೆಸರನ್ನೇ ಮರೆತವರ ಹಾಗೆ, ಹೊಸದಾಗಿ ಒಮ್ಮೆ ನೋಡಿ ಎಷ್ಟು ವರ್ಷವಾಯಿತು?