ಮಿಶ್ರಿ ತಿಕ್ಕುವ ಕಲ್ಲು

ಚಿಮ್ಮಡದ ಮಾಯವ್ವ ಮಿಶ್ರಿ ಬಿಟ್ಟಳೆಂದರೆ ಓಣಿಯಲ್ಲಿ ಯಾರೂ ನಂಬಲಿಲ್ಲ. ಮದುವೆಯಾಗಿ ಬಂದ ವರ್ಷ ಅತ್ತೆಯೇ ಕಲಿಸಿದ ಚಟ ಅದು. ಹಂಚಿನ ಮೇಲೆ ತಂಬಾಕು ಕರಕಾಗುವಂತೆ ಹುರಿದು, ಪುಡಿ ಮಾಡಿ, ತೋರುಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುವುದು. ಹಲ್ಲಿಗೆ ಮುಂಜಾನೆಯ ತಿಕ್ಕಾಟ ಸಾಕು. ಮಾಯವ್ವ ಮಧ್ಯಾಹ್ನವೂ ಸಂಜೆಯೂ ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕುಳಿತು ತಿಕ್ಕುತ್ತಿದ್ದಳು.

ಜಮಖಂಡಿಯ ಹಲ್ಲಿನ ಡಾಕ್ಟರಮ್ಮ ಅವಳ ಕೆನ್ನೆಯ ಒಳಗೆ ಬಿಳಿ ಕಲೆ ಕಂಡು, "ಇದನ್ನ ಬಿಡದಿದ್ರ ಕ್ಯಾನ್ಸರ್ ಆಗಬಹುದ್ರೀ, ಯವ್ವಾ. ಈಗ ಬಿಟ್ರ ಛಲೋ" ಎಂದಿದ್ದಳು. ಮಾಯವ್ವ ಅಂಜಿದಳು. ಮನೆಗೆ ಬಂದವಳೇ ಡಬ್ಬಿಯಲ್ಲಿದ್ದುದನ್ನು ತಿಪ್ಪೆಗೆ ಸುರುವಿದಳು.

ಹಿಂದೆ ಗಂಡ ಧರೆಪ್ಪ ಬೀಡಿ ಬಿಟ್ಟಾಗ ಮನೆಯಲ್ಲಿ ಹಬ್ಬದಂಥ ಓಡಾಟವಿತ್ತು. ಅವನ ಬಾಯಿ ಖಾಲಿಯಿರಬಾರದೆಂದು ಮಾಯವ್ವ ಶೇಂಗಾ ಹುರಿದಿಟ್ಟಳು, ಕೇಳಿದಾಗಲೆಲ್ಲ ಚಹಾ ಕಾಸಿದಳು. ಅವನು ಸಿಟ್ಟಿಗೆದ್ದು ತಾಟು ತಳ್ಳಿದರೆ "ಬೀಡಿ ಬಿಟ್ಟಾರಲಾ, ಅದಕ್ಕ ಹಂಗ" ಎಂದು ನೆಲ ಒರೆಸಿದಳು. ನಡುವೆ ಕದ್ದು ಸೇದಿದಾಗಲೂ ಅವಳೇ ಸಮಾಧಾನ ಹೇಳಿದಳು. ಈಗ ಅವನು ಕಟ್ಟೆಯ ಮೇಲೆ ಕುಳಿತು, "ಮನಸ್ಸ ಗಟ್ಟಿ ಇರಬೇಕ ನೋಡ್ರಿ" ಎಂದು ಮಂದಿಗೆ ಬುದ್ಧಿ ಹೇಳುತ್ತಾನೆ.

ಮಾಯವ್ವನಿಗೆ ಯಾರೂ ಶೇಂಗಾ ಹುರಿಯಲಿಲ್ಲ. ಬದಲಿಗೆ ಕೆಲಸ ಹೆಚ್ಚಾಯಿತು. ಮೊದಲು ಅವಳು ಬಾಯಲ್ಲಿ ಬೆರಳಿಟ್ಟು ಕುಳಿತರೆ, ಹೇಗೂ ಮಾತಾಡಲಾರಳೆಂದು, ಯಾರೂ ಕರೆಯುತ್ತಿರಲಿಲ್ಲ. ಈಗ ಯಾರಿಗೇನು ಅಡ್ಡಿ?

"ಮಾಯೀ, ನೀರ ತಾ ಬೇ!" ಇದು ಧರೆಪ್ಪ.

"ಯವ್ವಾ, ನನ್ನ ಅಂಗಿ ಎಲ್ಲೈತಿ?" ಇದು ಮಗ ಗುರುಪಾದ. ಅವನು ಸುಮ್ಮನಾದರೆ ಎಮ್ಮೆ ಕೂಗುತ್ತಿತ್ತು.

ಒಂದು ಮಧ್ಯಾಹ್ನ ನೆರೆಮನೆಯ ಗುರುಬಾಯಿ ತಂಬಾಕು ಹುರಿಯತೊಡಗಿದಳು. ಘಾಟು ಗೋಡೆ ದಾಟಿ ಬಂತು. ಮಾಯವ್ವನ ಕೈಯಿನ್ನೂ ಹಿಟ್ಟಿನಲ್ಲಿತ್ತು, ಮನಸ್ಸು ಆಗಲೇ ಗುರುಬಾಯಿಯ ಒಲೆಯ ಮುಂದಿತ್ತು.

"ಒಂದ ಚಿಟಿಕಿ ಕೊಡ ಬೇ."

"ಬಿಟ್ಟೀನಿ ಅಂದಿದ್ದೆಲ್ಲ?"

"ಬಿಟ್ಟೀನಿ. ಕೊಡ."

ಕಲ್ಲಿನ ಮೇಲೆ ಕುಳಿತು ತಿಕ್ಕಿದಳು. ಯಾರೂ ಕರೆಯಲಿಲ್ಲ. ಹಿತವೆನಿಸಿತು. ಬಾಯಿ ಮುಕ್ಕಳಿಸುವಾಗ ಬಿಳಿ ಕಲೆ ನೆನಪಾಗಿ ಮತ್ತೆ ಮತ್ತೆ ಮುಕ್ಕಳಿಸಿದಳು.

ಬಾಯಿ ಒರೆಸಿದ ಸೆರಗಿನ ತುದಿಯ ಕಪ್ಪು ಧರೆಪ್ಪನ ಕಣ್ಣಿಗೆ ಬಿತ್ತು. "ಮತ್ತ ಸುರು ಆತಲಾ! ಹೆಂಗಸರ ಮನಸ್ಸ ಗಟ್ಟಿ ಇರೂದಿಲ್ಲ."

ಬನಹಟ್ಟಿಯ ಸೀರೆ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದ ಸೊಸೆ ರೇಷ್ಮಾ ಬೈಯಲಿಲ್ಲ. ಚಪ್ಪಲಿ ಬಿಡುತ್ತಲೇ ಕೇಳಿದಳು: "ಅತ್ತಿ, ಏನ ನೆನಪಾಕ್ಕೈತ್ರಿ? ಅದರ ರುಚಿಯೇನ್ರಿ?"

ಮಾಯವ್ವ ಕೊಟ್ಟಿಗೆಯ ಕಡೆ ನೋಡಿದಳು. "ರುಚಿ ಅಲ್ಲವಾ. ಆ ಕಲ್ಲ ನೆನಪಾಕ್ಕೈತಿ."

"ಹಂಗಾರ ಮಿಶ್ರಿ ಬಿಡ್ರಿ, ಕಲ್ಲ ಬಿಡಬ್ಯಾಡ್ರಿ."

ಮರುದಿನ ಮಾಯವ್ವ ಬೆರಳು ತೊಳೆದುಕೊಂಡು, ಬರಿಬೆರಳನ್ನೇ ಬಾಯಲ್ಲಿಟ್ಟು ಕಲ್ಲಿನ ಮೇಲೆ ಕುಳಿತಳು. "ಚಾ ಎಲ್ಲಿ..." ಎನ್ನುತ್ತ ಬಂದ ಧರೆಪ್ಪ, ಬೆರಳು ಕಂಡು ಗೊಣಗುತ್ತ ತಿರುಗಿ ಹೋದ. ಗುರುಪಾದ ಅಂಗಿ ತಾನೇ ಹುಡುಕಿಕೊಂಡ. ಹೀಗೇ ಕೆಲವು ದಿನ ನಡೆಯಿತು. ಕೊನೆಗೊಮ್ಮೆ ಧರೆಪ್ಪನಿಗೆ ಅನುಮಾನ ಬಂತು.

"ಬೆರಳ ತೋರ್ಸ ನೋಡೂಣು."

ತೋರಿಸಿದಳು. ಬೆಳ್ಳಗಿತ್ತು.

"ಅಂದ್ರ ಸುಮ್ಮನ ಕುಂತೀಯೇನ?"

"ಹೂಂ, ಸುಮ್ಮನ ಕುಂತೀನಿ. ಇನ್ನ ಮ್ಯಾಲ ಬೆರಳ ಸೈತ ಇಡೂದಿಲ್ಲ, ಹಂಗ ಕುಂದ್ರತೀನಿ. ನೀವು ಬೀಡಿ ಬಿಟ್ಟಾಗ ನಾ ಶೇಂಗಾ ಹುರದಿದ್ದೆ. ಈಗ ನನಗ ಹುರೀರಿ."

"ನನಗೆಲ್ಲಿ ಹುರಿಯಾಕ ಬರ್ತೈತಿ?"

"ಬಿಡಾಕ ನನಗೂ ಬರ್ತಿದ್ದಿಲ್ಲ. ಕಲಿಯಾಕತ್ತೀನಿ."

ರೇಷ್ಮಾ ಒಳಗೆ ಕಿಸಕ್ಕನೆ ನಕ್ಕಳು. ಧರೆಪ್ಪ ಅಡುಗೆಮನೆಗೆ ಹೋಗಿ ಬುಟ್ಟಿ, ಡಬ್ಬಿಗಳನ್ನೆಲ್ಲ ಉರುಳಿಸಿದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಮಾಯವ್ವನ ಕಾಲು ಏಳಲು ಹೊರಟಿತು. ಕಲ್ಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು.

ಶೇಂಗಾ ಮಿಶ್ರಿಯಷ್ಟೇ ಕಪ್ಪಾಗಿ ಬಂದವು. ಅವಳು ಒಂದೊಂದಾಗಿ ಎಲ್ಲವನ್ನೂ ತಿಂದಳು. ಬಾಣಲೆ ತಿಕ್ಕಲು ಮಾತ್ರ ಏಳಲಿಲ್ಲ.