ತಂಗಿಯ ಮುಖದ ಹಲಗೆ

ಆದವಾನಿಯಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವವರಿಗೇನು ಬರವಿಲ್ಲ. ಆದರೂ ಅಕ್ಷರ ಉಬ್ಬಿಸುವ ಕೆಲಸಕ್ಕೆ ಪತ್ತಿಕೊಂಡದಿಂದಲೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಕಂಪ್ಯೂಟರಿನಲ್ಲಿ ಹೆಸರಿನ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು ಕೊಟ್ಟರೆ ಸಾಕು, ಚಪ್ಪಟೆ ಅಕ್ಷರ ಬಂಗಾರದ ಗಟ್ಟಿಯಂತೆ ಎದ್ದು ಕೂರುತ್ತದೆ. ಇದಕ್ಕೆ ಎಂಬಾಸ್ ಅಂತಾರೆ. ಹುಟ್ಟುಹಬ್ಬದ ಲೀಡರುಗಳು ಫ್ಲೆಕ್ಸನ್ನು ಬೆರಳಿನಿಂದ ಸವರಿ ನೋಡಿ, ಮೋಸ ಹೋಗಿ ನಕ್ಕಿದ್ದಾರೆ. ನನಗೂ ಅದರದೇ ಸೊಕ್ಕು.

ಊಟಕ್ಕೆ ಕೂತಾಗೆಲ್ಲ ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ಅವ್ವ ಕೇಳಿಸಿಕೊಳ್ಳುತ್ತಿದ್ದಳು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದು ಬಹಳ ಕಾಲವಾಗಿದೆ. ನನ್ನ ತಂಗಿ ದೊಡ್ಡವಳಾದ ಮೇಲೆ ಹೇಗಿದ್ದಳೆಂಬುದು ಅವಳಿಗೆ ಕೈಯಿಂದಷ್ಟೇ ಗೊತ್ತು. ದಿನಾ ತಲೆ ಬಾಚಿ ಜಡೆ ಹಾಕಿದ ಮೇಲೆ ಹಣೆ, ಮೂಗು, ಗದ್ದದ ಕುಳಿ ಸವರುತ್ತಿದ್ದಳು. ಆ ತಂಗಿ ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು.

ನಮ್ಮ ಮನೆಯಲ್ಲಿ ಸತ್ತವರ ಹೆಸರಲ್ಲಿ ಮುಖ ಬಡಿದ ಬೆಳ್ಳಿ ತಗಡು ಮಾಡಿಸಿ ದೇವರ ಗೂಡಿನಲ್ಲಿ ಇಡುತ್ತೇವೆ. ಅಜ್ಜ, ಅಜ್ಜಿ, ಅಪ್ಪ, ದೊಡ್ಡವ್ವ ಎಲ್ಲರೂ ಅಲ್ಲಿದ್ದಾರೆ. ಅಕ್ಕಸಾಲಿಗ ಗಂಡಸಿಗೆ ಮೀಸೆ ಇಡುತ್ತಾನೆ, ಹೆಂಗಸಿಗೆ ಮೂಗುತಿ. ಉಳಿದಂತೆ ಎಲ್ಲರದೂ ಒಂದೇ ಮುಖ. ತಂಗಿಗೂ ಒಂದು ತಗಡು ಮಾಡಿಸೋಣ ಅಂದಾಗ ಅವ್ವ ಒಪ್ಪಲಿಲ್ಲ.

“ಎಲ್ಲಾರ ಮಾರಿ ನನಗ ಬ್ಯಾಡಪ್ಪ. ನೀನು ಅಕ್ಷರ ಎಬ್ಬಿಸ್ತೀಯಲ್ಲ, ಹಂಗ ಆಕಿ ಮಾರಿ ಎಬ್ಬಿಸಿ ಕೊಡು. ಕೈಗೆ ಸಿಕ್ಕರ ಸಾಕು.”

ನಾನು ಎಬ್ಬಿಸುವುದು ಕಣ್ಣಿಗೆ ಮಾತ್ರ, ಕೈಗಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಹತ್ತಿ ಮಾರ್ಕೆಟ್ಟಿನ ಹಿಂದೆ, ಬಾಗಿಲಿಗೆ ಹೂಬಳ್ಳಿ ಕೆತ್ತುವ ಕಂಪ್ಯೂಟರ್ ಮಷಿನ್ ಒಂದಿದೆ. ಚಿತ್ರದಲ್ಲಿ ಬಿಳಿ ಇದ್ದಲ್ಲಿ ಕಟ್ಟಿಗೆಯನ್ನು ಎತ್ತರ ಬಿಡುತ್ತದೆ, ಕಪ್ಪಿದ್ದಲ್ಲಿ ಆಳಕ್ಕೆ ಕೊರೆಯುತ್ತದೆ. ಇಷ್ಟು ಸಾಕಲ್ಲ ಅಂದುಕೊಂಡೆ. ಫೋನಿನಲ್ಲಿದ್ದ ತಂಗಿಯ ಫೋಟೋವನ್ನು ಎಂಬಾಸ್ ಮಾಡಿದೆ. ಬೂದು ಬಣ್ಣದಲ್ಲಿ ಮುಖ ಎದ್ದು ಬಂತು ನೋಡಿ, ಅಂಗಡಿಯಲ್ಲೇ ಅತ್ತುಬಿಟ್ಟೆ. ಮಷಿನ್ನಿನವನು ಚಿತ್ರ ನೋಡಿ, ಇಂಥದ್ದು ಹೂವಿಗಾದರೆ ಸರಿ, ಮುಖಕ್ಕೆ ಬೇಡ ಅಂದ. ನನ್ನ ಕೆಲಸ ನನಗೆ ಗೊತ್ತು ಅಂತ ಅವನ ಬಾಯಿ ಮುಚ್ಚಿಸಿದೆ.

ಮುಖ ಕೊರೆಸಿದ ಹಲಗೆಯನ್ನು ತಂದು ಅವ್ವನ ತೊಡೆಯ ಮೇಲಿಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಮುಟ್ಟಿದಳು. ಬೆರಳು ಹಣೆಯಿಂದ ಇಳಿದು ಮೂಗಿನ ಹತ್ತಿರ ನಿಂತಿತು. ಮತ್ತೆ ಮೇಲಿಂದ ಬಂತು, ಮತ್ತೆ ಅಲ್ಲೇ ನಿಂತಿತು.

“ಇಲ್ಲಿ ಒಡದೈತೇನು?”

ಒಡೆದಿರಲಿಲ್ಲ. ನಾನು ಬೆಳಕು ಕೊಟ್ಟ ಬದಿ ದಿಣ್ಣೆಯಾಗಿತ್ತು, ನೆರಳು ಕೊಟ್ಟ ಬದಿ ಕಾಲುವೆಯಾಗಿತ್ತು. ಮೂಗು ಅರ್ಧ ಎದ್ದು ಅರ್ಧ ಹೂತುಹೋಗಿತ್ತು, ತುಟಿಯೂ ಹಾಗೇ. ಕೆನ್ನೆ ಇರಬೇಕಾದಲ್ಲಿ ಬರೀ ಸಪಾಟು ಕಟ್ಟಿಗೆ. ಹಾಳಾದ ಸಾಫ್ಟ್‌ವೇರಿಗೆ ಬೆಳಕು ಎಲ್ಲಿ ಬದಲಾಯಿತು ಅನ್ನುವುದಷ್ಟೇ ಗೊತ್ತು, ಮುಖ ಅಂದರೆ ಅದಕ್ಕೇನು ಗೊತ್ತು ಮಣ್ಣು. ಇನ್ನೊಮ್ಮೆ ನೆರಳು ತೆಗೆದು, ಚಿತ್ರದ ಅಂಚುಗಳನ್ನು ಮೆತ್ತಗೆ ಮಾಡಿ ಕೊರೆಸಿದೆ. ಅದು ನಾದಿದ ಹಿಟ್ಟಿನ ಹಾಗಿತ್ತು. ಗದ್ದದ ಕುಳಿಯನ್ನು ಹುಡುಕಿ ಹುಡುಕಿ ಅವ್ವ ಹಲಗೆಯನ್ನು ಪಕ್ಕಕ್ಕಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಹೋಗ್ಲಿ ಬಿಡಪ್ಪ. ಎಲ್ಲಾರಿಗೂ ಹಾಕೋ ಮಾರಿನೇ ಹಾಕಿಸಿಬಿಡು.”

ಹಾಕಿಸಿದೆ. ಇನ್ನೇನು ಮಾಡಲಿ? ಮೂಗುತಿಯ ಇನ್ನೊಂದು ಬೆಳ್ಳಿ ಮುಖ ಗೂಡು ಸೇರಿತು. ಹೊಸದಾದ್ದರಿಂದ ಹೊಳಪಿನಲ್ಲಿ ಗುರುತು ಸಿಗುತ್ತಿತ್ತು. ಪೂಜೆಯ ಹೊತ್ತಿಗೆ ಮಗಳದು ಯಾವುದು ಎಂದು ಅವ್ವ ಕೇಳುತ್ತಿದ್ದಳು, ನಾನು ಅವಳ ಬೆರಳನ್ನು ಹಿಡಿದು ಅದರ ಮೇಲೆ ಇಡುತ್ತಿದ್ದೆ.

ಈ ಸಲ ಹಿರಿಯರ ಅಮಾವಾಸ್ಯೆಗೆ ತಗಡುಗಳನ್ನೆಲ್ಲ ವಿಭೂತಿ ಹಚ್ಚಿ ತಿಕ್ಕಿ ತೊಳೆದೆ. ಎಲ್ಲವೂ ಒಂದೇ ಸಮ ಹೊಳೆದವು. ಅವ್ವ ಕೈ ಚಾಚಿ ಕೇಳಿದಳು. ಅಜ್ಜಿ, ದೊಡ್ಡವ್ವ, ತಂಗಿ, ಮೂರು ಮೂಗುತಿಗಳ ಮುಂದೆ ಕಣ್ಣಿದ್ದ ನಾನು ಕೂತಿದ್ದೆ. ಯಾವುದು ಯಾರದೆಂದು ತಿಳಿಯಲಿಲ್ಲ. ಒಂದನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಅವ್ವ ಅದರ ಗದ್ದ ಸವರತೊಡಗಿದಳು.