ಮೇಜಿನ ಮೇಲೆ ಇಡದ ತಟ್ಟೆ

ಬೆಂಗಳೂರಿಗೆ ಬಂದ ಮೊದಲ ವಾರ. ಅಡುಗೆಮನೆಯಲ್ಲಿ ಒಬ್ಬ ಹೆಂಗಸು ಪಾತ್ರೆಯೊಂದನ್ನು ಅಕ್ಕಿ ಡಬ್ಬದೊಳಗೆ ಕುತ್ತಿಗೆಯವರೆಗೆ ಹೂತು, ಅದಕ್ಕೆ ಮಗುವಿನ ಉಣ್ಣೆಯ ಟೊಪ್ಪಿ ತೊಡಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಏನ್ರೀ ಅದು?"

"ಮೊಸರು ಕಣೇ. ಈ ಚಳಿಗೆ ಹೆಪ್ಪಾಗಲ್ಲ."

ವಿಜಯಪುರದಲ್ಲಿ ಕೂತು ಓದುವ ನಿಮಗೆ ಇದನ್ನು ನಂಬಿಸುವುದು ಕಷ್ಟ. ನಮ್ಮಲ್ಲಿ ಮೊಸರಿನ ಚಿಂತೆಯೇ ಬೇರೆ: ಮಧ್ಯಾಹ್ನ ಹೆಪ್ಪು ಹಾಕಿದರೆ ಸಂಜೆಗೆ ಗಟ್ಟಿ, ಮರೆತರೆ ಹುಳಿ. ಇಲ್ಲಿ ಡಿಸೆಂಬರಿನಲ್ಲಿ ಅದನ್ನು ಕಾವಿಗೆ ಕೂರಿಸಬೇಕು.

ಆ ಹೆಂಗಸು ಜಯಮ್ಮ, ಇಟ್ಟಮಡುವಿನ ನಮ್ಮ ಪಿ.ಜಿ.ಯ ಓನರ್. ಪಿ.ಜಿ. ಅಂದರೆ ಬಾಡಿಗೆ ಕೊಟ್ಟು, ಓನರ್ ಮಾಡಿದ್ದನ್ನು ಉಂಡು, ಓನರ್ ಹೇಳಿದ ಹೊತ್ತಿಗೆ ಗೇಟಿನೊಳಗೆ ಬರುವುದು. ಜಯಮ್ಮನ ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರ ಮೂರಂತಸ್ತಿನ ಮನೆ ನಿಂತಿದೆ. ಮೇಲಿನ ಎರಡು ಅಂತಸ್ತಿನಲ್ಲಿ ನಾವು ಹನ್ನೊಂದು ಹುಡುಗಿಯರು.

ನನ್ನ ಕನ್ನಡ ಇಲ್ಲಿ ಜಗಳದಂತೆ ಕೇಳುತ್ತದೆ. ಉಪ್ಪು ಕೇಳಿದರೂ ಜಯಮ್ಮ, "ಮೆತ್ಗೆ ಕೇಳೇ ಬಿಜಾಪುರ, ನಾನೇನ್ ಬಾಡಿಗೆ ಜಾಸ್ತಿ ಮಾಡಿದ್ನಾ?" ಎನ್ನುತ್ತಿದ್ದರು. ಮೂರು ಹೊತ್ತು ಅನ್ನ ಕಂಡು ನಾನು ಮಂಕಾಗಿದ್ದ ಒಂದು ದಿನ, ಎಲ್ಲಿಂದಲೋ ಜೋಳದ ಹಿಟ್ಟು ತರಿಸಿ ರೊಟ್ಟಿ ತಟ್ಟಿದರು. ಅದು ಅಂಚು ಹರಿದು, ಚಪ್ಪಲಿಯಷ್ಟು ದಪ್ಪವಾಗಿತ್ತು. ನಾನು ಮೂರು ತಿಂದೆ. ಮುಂದಿನದನ್ನು ಓದುವಾಗ ಈ ರೊಟ್ಟಿಯನ್ನು ನೆನಪಿಟ್ಟುಕೊಳ್ಳಿ.

ಎರಡನೇ ವರ್ಷ ನಾನು ಕಾಲೇಜಿನ ಸಿಂಥೆಟಿಕ್ ಬಯಾಲಜಿ ತಂಡ ಸೇರಿದೆ. ಸೂಕ್ಷ್ಮಜೀವಿಯೊಳಗಿನ ಜೀನ್‌ಗಳ ಬರಹವನ್ನು ತಿದ್ದಿ, ಅದರಿಂದ ನಮಗೆ ಬೇಕಾದ ಕೆಲಸ ಮಾಡಿಸುವ ವಿದ್ಯೆ ಇದು. ಬೋರ್‌ವೆಲ್ ನೀರಿಗೆ ಚರಂಡಿ ಸೇರಿದ್ದರೆ ಬಣ್ಣ ಬದಲಿಸುವ ಬ್ಯಾಕ್ಟೀರಿಯಾವೊಂದನ್ನು ರೂಪಿಸುವುದು ನಮ್ಮ ಯೋಜನೆ. ಅದಕ್ಕೆ ಕೈ ಹಾಕುವ ಮೊದಲು ಜನರಿಗೆ ತಿಳಿಸಿ, ಅವರ ಅಭಿಪ್ರಾಯ ಕೇಳಬೇಕಿತ್ತು. ತಿಳಿಸುವ ಕೆಲಸ ನನಗೆ ಬಂತು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಎದುರಿನವರಿಗೆ ತಿಳಿದಿಲ್ಲ ಎಂಬ ನಂಬಿಕೆ ಮೈಗೆ ಹತ್ತಿತ್ತು.

ಬನಶಂಕರಿಯ ಒಂದು ಸಮುದಾಯ ಭವನದಲ್ಲಿ ಮೂರು ಭಾನುವಾರ ಸಿಕ್ಕವು. ಕೊಡಿಸಿದವರು ಜಯಮ್ಮ, ಅವರ ಮಾತಿಗೆ ಆ ಬೀದಿಯಲ್ಲಿ ಬೆಲೆ ಇತ್ತು. ಮೊದಲ ಭಾನುವಾರ ಬಂದವರ ಬೆರಳುಗಳನ್ನು ಪುಟ್ಟ ಗಾಜಿನ ತಟ್ಟೆಗಳಿಗೆ ಒತ್ತಿಸಿಕೊಂಡೆವು. ತಟ್ಟೆಯೊಳಗೆ ಸೂಕ್ಷ್ಮಜೀವಿ ಬೆಳೆಯಲು ಬೇಕಾದ ಪದರವಿರುತ್ತದೆ. ಬೆರಳಲ್ಲಿ ಇದ್ದದ್ದು ಎರಡು ದಿನದಲ್ಲಿ ಚುಕ್ಕಿಗಳಾಗಿ ಕಾಣುತ್ತದೆ. ಜಯಮ್ಮ ಎಲ್ಲರಿಗಿಂತ ಮೊದಲು ಬಂದು ಬೆರಳು ಒತ್ತಿದರು. "ನಮ್ ಹುಡ್ಗಿ ಸೈಂಟಿಸ್ಟ್," ಎಂದು ಪಕ್ಕದವರಿಗೆ ಹೇಳಿದರು. ಹೆಸರು ಬರೆದು, ಮುಚ್ಚಿ, ಟೇಪ್ ಸುತ್ತಿ ಲ್ಯಾಬಿಗೆ ಒಯ್ದೆವು. ಕೊನೆಗೆ ನಾನೂ ಒಂದು ಒತ್ತಿದೆ.

ಎರಡನೇ ಭಾನುವಾರ ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದೆವು. ನನ್ನದನ್ನು ಬಿಟ್ಟು. ಅದರಲ್ಲಿ ಚುಕ್ಕಿಗಳು ಒಂದರ ಮೇಲೊಂದು ಹತ್ತಿದ್ದವು. ಕಲಿಸುವವಳ ಬೆರಳೇ ಹೀಗಿದ್ದರೆ ಮಾತಿನ ಬಲ ತಗ್ಗುತ್ತದೆಂದು ಅದನ್ನು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದೆ.

ನನ್ನ ಮಾತು ಮುಗಿಯುತ್ತಿದ್ದಂತೆ ರಾವ್ ಎಂಬ ನಿವೃತ್ತ ಎಂಜಿನಿಯರ್ ಎದ್ದರು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರು, ದನಿ ಏರಿಸದವರು.

"ಈ ನಿಮ್ ಬ್ಯಾಕ್ಟೀರಿಯಾನ ಮನೇಲಿಟ್ಕೊಳಿ ಅಂತೀಯಲ್ಲಮ್ಮ, ಅದು ಹೊರಗಡೆ ಬಿತ್ತು ಅಂದ್ರೆ ಹೊಣೆ ಯಾರು?"

ಸರಿಯಾದ ಪ್ರಶ್ನೆ. ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ. ಉತ್ತರವಿಲ್ಲದ ಚರ್ಚಾಪಟು ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಮಾತನ್ನು ಬೇರೆ ಅಂಗಳಕ್ಕೆ ಎಳೆದೆ. ಸಾಲಿನಲ್ಲಿ ಅತಿ ಹೆಚ್ಚು ಚುಕ್ಕಿಗಳಿದ್ದ ತಟ್ಟೆಯನ್ನು ಎತ್ತಿ ಹಿಡಿದೆ.

"ಸರ್, ಬ್ಯಾಕ್ಟೀರಿಯಾ ನಿಮ್ಮ ಮನ್ಯಾಗ ಈಗಾಗಲೇ ಅದಾವ್ರಿ. ಇದನ್ನ ನೋಡ್ರಿ. ದಿನಾ ಹನ್ನೊಂದು ಮಂದಿಗೆ ಅಡುಗಿ ಮಾಡೋ ಕೈ ಇದು. ಇದಕ್ಕ ಹೊಣಿ ಯಾರು?"

ಮುಚ್ಚಳದ ಮೇಲಿನ ಹೆಸರು ಮುಂದಿನ ಸಾಲಿಗೆ ಓದಲು ಬರುತ್ತಿತ್ತು. ಯಾರೋ ನಕ್ಕರು. "ಜಯಮ್ಮಾ, ಏನ್ ಸಾಕಿದೀರಾ?" ಎಂದರು ಇನ್ನೊಬ್ಬರು. ಜಯಮ್ಮ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ರಾವ್ ಕುಳಿತರು. ನಾನು ಗೆದ್ದಿದ್ದೆ.

ಸೋಮವಾರ ಊಟದ ಮೇಜಿನ ಮೇಲೆ ಪ್ಯಾಕೆಟ್ ಮೊಸರು ಇತ್ತು. ಅಕ್ಕಿ ಡಬ್ಬದಲ್ಲಿ ಬರೀ ಅಕ್ಕಿ. ಮಂಗಳವಾರ ಇಬ್ಬರು ಹುಡುಗಿಯರು ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದರು. ಜಯಮ್ಮ ಪಾತ್ರೆ ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು.

"ಆಂಟಿ, ಅದು ವಿಜ್ಞಾನ ಅಷ್ಟೇರಿ. ಎಲ್ಲಾರ ಕೈಯಾಗೂ..."

"ಎಲ್ಲಾರ್ ಕೈಲೂ ಇದ್ರೆ ನಂದೇ ಯಾಕೆ ಎತ್ತಿದ್ದು?" ಅವರು ತಿರುಗಲಿಲ್ಲ. "ಭಾನುವಾರದೊಳಗೆ ಬೇರೆ ಕಡೆ ನೋಡ್ಕೊ."

ಆ ವಾರ ಬಿ.ಟಿ.ಎಂ. ಲೇಔಟಿನಿಂದ ಸುಬ್ರಹ್ಮಣ್ಯಪುರದವರೆಗೆ ಹತ್ತಾರು ಗೇಟು ತಟ್ಟಿದೆ. ವರ್ಷದ ನಡುವೆ ಎಲ್ಲೂ ಜಾಗವಿಲ್ಲ. ಊರಿನಲ್ಲಾದರೆ ಜಗಳವಾಡಿದರೂ ಯಾರಾದರೊಬ್ಬರು ಹಿರಿಯರು ನಡುವೆ ಬಂದು ಕೂರಿಸುತ್ತಾರೆ. ಇಲ್ಲಿ ನಡುವೆ ಬರುವವರಿಲ್ಲ. ಗೇಟು ಮುಚ್ಚಿದರೆ ಮುಚ್ಚಿತು. ತಂಡದ ಗೆಳೆಯ, ಸಿದ್ದಾಪುರದ ನವೀನನ ಮುಂದೆ ಗೋಳು ಹೇಳಿಕೊಂಡೆ.

"ಸಖತ್ತಾಗಿ ವಾದ ಮಾಡ್ದೆ ಬಿಡು. ನಿನ್ ತಟ್ಟೆ ಎಲ್ಲಿ?"

"ಲ್ಯಾಬಿನಾಗ. ನಾಶ ಮಾಡೋ ತಟ್ಟಿಗಳ ಜೋಡಿ ಇಟ್ಟೀನಿ."

"ಇನ್ನೂ ಮಾಡಿಲ್ಲ ಗುರು. ನಾನೇ ನೋಡ್ದೆ."

ಅಷ್ಟು ಹೇಳಿ ಟೀ ಕುಡಿದ. ವಾದವಾಗಿದ್ದರೆ ಖಂಡಿಸುತ್ತಿದ್ದೆ.

ಮೂರನೇ ಭಾನುವಾರ ಭವನದಲ್ಲಿ ಅರ್ಧ ಕುರ್ಚಿ ಖಾಲಿ. ಜಯಮ್ಮ ಹಿಂದಿನ ಬಾಗಿಲ ಬಳಿ ನಿಂತಿದ್ದರು. ಭವನದ ಬೀಗ ಅವರ ಜವಾಬ್ದಾರಿ, ಅದಕ್ಕೇ ಬಂದಿದ್ದರು. ನಾನು ಮೇಜಿನ ಮೇಲೆ ಒಂದೇ ತಟ್ಟೆ ಇಟ್ಟೆ.

"ಇದು ನನ್ನ ಬೆರಳಿಂದು. ಹೋದ ವಾರ ತರಲಿಲ್ಲ. ಜಯಮ್ಮ ಆಂಟಿ ತಟ್ಟಿಗಿಂತ ಇದರಾಗ ಹೆಚ್ಚು ಅದಾವು. ಇವು ಕೆಟ್ಟವೋ ಒಳ್ಳೇವೋ ಬರೇ ಕಣ್ಣೀಲೆ ನೋಡಿ ಹೇಳಾಕ ಬರೂದಿಲ್ಲ. ಬರ್ತದ ಅನ್ನೋಹಂಗ ಮಾತಾಡಿದ್ದೆ."

"ಅವತ್ತೇ ಯಾಕಮ್ಮ ಇಡ್ಲಿಲ್ಲ?" ರಾವ್ ಕೇಳಿದರು.

"ಸೋಲ್ತಿದ್ದೆ ಸರ್."

ಯಾರೂ ನಗಲಿಲ್ಲ. ರಾವ್ ಮುಂದೆ ಬಂದು ತಟ್ಟೆಯನ್ನು ನೋಡಿದರು. "ನಿನ್ ತಟ್ಟೇನೇ ಬಚ್ಚಿಡೋಳು, ನಾಳೆ ಆ ಬ್ಯಾಕ್ಟೀರಿಯಾ ಹೊರಗಡೆ ಬಿದ್ರೆ ನಮಗೆ ಬಂದು ಹೇಳ್ತೀಯಾ? ನಾನು ಕೇಳಿದ್ದು ಅದನ್ನೇ."

ನಾನು ಆ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡೆ. ನಿಮ್ಮ ಮನೆಯಲ್ಲಿ ಇಂಥದ್ದನ್ನು ಇಟ್ಟುಕೊಳ್ಳುತ್ತೀರಾ ಎಂದು ಕೊನೆಗೆ ಕೇಳಿದಾಗ ಬಹುಪಾಲು ಕೈ ಮೇಲೇಳಲಿಲ್ಲ. ಅದನ್ನೂ ಬರೆದುಕೊಂಡೆ. ತಲೆ ಎತ್ತಿ ನೋಡಿದರೆ ಹಿಂದಿನ ಬಾಗಿಲಲ್ಲಿ ಜಯಮ್ಮ ಇರಲಿಲ್ಲ; ಬೀಗ ಮತ್ತು ಕೀ ಕುರ್ಚಿಯ ಮೇಲಿದ್ದವು.

ಸಂಜೆ ಟ್ರಂಕು ಕಟ್ಟಿ ಕೆಳಗಿಳಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಉಗುರುಬೆಚ್ಚಗಿನ ಹಾಲು ಇತ್ತು. ಪಕ್ಕದಲ್ಲಿ ಉಣ್ಣೆಯ ಟೊಪ್ಪಿ.

"ಪರೀಕ್ಷೆ ಮುಗಿಯೋವರ್ಗೂ ಇರು. ಆಮೇಲಿಂದು ಆಮೇಲೆ," ಎಂದರು ಜಯಮ್ಮ. "ಇವತ್ತು ನೀನೇ ಹೆಪ್ಪು ಹಾಕು. ಕೈ ತೊಳ್ಕೊ."

ತೊಳೆದೆ. ಅವರು ನೋಡುತ್ತಿದ್ದರು, ಮತ್ತೊಮ್ಮೆ ತೊಳೆದೆ. ಮರುದಿನ ಎಲ್ಲ ಹುಡುಗಿಯರ ಎದುರು ಆ ಮೊಸರನ್ನು ಮೊದಲು ಬಡಿಸಿಕೊಂಡವರು ಜಯಮ್ಮ. ಮುಖ ಕಿವುಚಿದರು.

"ಬಿಜಾಪುರದ ಹುಳಿ. ಎಷ್ಟ್ ಹೆಪ್ಪು ಹಾಕ್ದೆ?"

ಜಾಸ್ತಿಯೇ ಹಾಕಿದ್ದೆ. ಒಪ್ಪಿಸಬೇಕಾದಲ್ಲಿ ಜಾಸ್ತಿ ಹಾಕುವುದು ನನ್ನ ಹಳೆಯ ಚಾಳಿ. ಅವರು ಅಷ್ಟನ್ನೂ ತಿಂದರು. ನೋಟಿಸ್ ಕೊಟ್ಟಿದ್ದ ಇಬ್ಬರು ಮಾತ್ರ ಮೊಸರು ಮುಟ್ಟಲಿಲ್ಲ. ತಿಂಗಳ ಕೊನೆಗೆ ಹೋದರು. ಅವರ ಮಂಚಗಳು ಇನ್ನೂ ಖಾಲಿ ಇವೆ. ಮೆಟ್ಟಿಲು ಹತ್ತುವಾಗ ದಿನಾ ಅವರ ಕೋಣೆಯ ಬಾಗಿಲು ದಾಟಿಯೇ ನಾನು ನನ್ನ ಕೋಣೆಗೆ ಹೋಗಬೇಕು.

ಪರೀಕ್ಷೆ ಮುಗಿಯಿತು. ಆಮೇಲಿನ ಮಾತನ್ನು ಜಯಮ್ಮ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಯುಗಾದಿಗೆ ಊರಿಗೆ ಬಂದಿದ್ದೆನಲ್ಲ, ಆಗ ಅವ್ವ ಬಡಿಸಿದ ಮೊಸರಿಗೆ ನನಗರಿವಿಲ್ಲದೆ ಸಕ್ಕರೆ ಕೇಳಿದೆ.

"ನಾಲಿಗಿ ಬೆಂಗಳೂರಿಂದಾತಲ್ಲ ನಿಂದು," ಎಂದಳು ಅವ್ವ.

ಇಟ್ಟಮಡುವಿನಲ್ಲಿ ನಾನು ಹೆಪ್ಪು ಹಾಕಿದ ಮೊಸರು ಈಗಲೂ ಬಿಜಾಪುರದ್ದೇ, ಎಂದು ಹೇಳಬೇಕೆನ್ನಿಸಿತು. ಸಕ್ಕರೆ ಹಾಕಿಕೊಂಡು ಉಂಡೆ.